ಮಾವನ ಕಾರು ಸುರಿಸಿದ ಎಣ್ಣೆ

ನನ್ನ ಸೋದರಮಾವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ಅವನು ಯಾರ ಮನೆಗೆ ಹೋಗಿದ್ದ, ಯಾರ ಅಂಗಡಿಯ ಮುಂದೆ ಎಷ್ಟು ಹೊತ್ತು ಹರಟೆ ಹೊಡೆದ ಎಂಬುದನ್ನು ಊರಿನಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ನೆಲ ನೋಡಿದರೆ ಸಾಕಿತ್ತು. ಅವನ ಹಳೆಯ ಕಾರು ನಿಂತಲ್ಲೆಲ್ಲ ಎಂಜಿನ್ನಿನ ಕರಿ ಎಣ್ಣೆ ತೊಟ್ಟಿಕ್ಕುತ್ತಿತ್ತು. ಎಲೆ ಅಡಿಕೆ ಹಾಕಿಕೊಂಡು ಎದ್ದಿದ್ದರೆ ಕಲೆ ರೂಪಾಯಿಯಷ್ಟಗಲ, ಊಟ ಮಾಡಿ ಎದ್ದಿದ್ದರೆ ರೊಟ್ಟಿಯಷ್ಟಗಲ.

ಆ ಕಾರು ಮೊದಲು ಹತ್ತಿ ಗಿರಣಿಯ ಮಾಲೀಕರೊಬ್ಬರದಾಗಿತ್ತು. ಅವರು ದಣಿದು ಬಿಟ್ಟದ್ದನ್ನು ಮಾವ ಮಹಾಪ್ರಸಾದವೆಂದು ತಂದುಕೊಂಡಿದ್ದ. ಹಿಂದಿನ ಸೀಟಿನಲ್ಲಿ ಯಾವಾಗಲೂ ಮಾದರಿ ಮೆಣಸಿನಕಾಯಿಯ ಚೀಲ. ಹಾಗಾಗಿ ಆ ಕಾರಿನಲ್ಲಿ ಕೂತವರು ಇಳಿದ ಮೇಲೂ ಸೀನುತ್ತಲೇ ಇರುತ್ತಿದ್ದರು. ಎಣ್ಣೆ ಸೋರುವುದಕ್ಕೆ ಮಾವನಿಗೆ ಗೊತ್ತಿದ್ದ ಔಷಧಿ ಒಂದೇ: ಪಾನಾ ಹಿಡಿದು ಎಂಜಿನ್ನಿನ ಮುಚ್ಚಳದ ತಿರುಪುಗಳನ್ನು ಇನ್ನಷ್ಟು ಬಿಗಿಯುವುದು. ಬಿಗಿದಷ್ಟೂ ಹೆಚ್ಚು ಸೋರುತ್ತಿತ್ತು. ಕೊನೆಗೆ ಯಾರೋ ಗೋಡೆ ಕಟ್ಟುವ ಗೌಂಡಿ ಹೇಳಿದನೆಂದು ಬೆಲ್ಲ, ಸುಣ್ಣ ಅರೆದು ಸಂದಿಗೆ ಮೆತ್ತಿದ. ಎಣ್ಣೆ ನಿಲ್ಲಲಿಲ್ಲ. ಊರಿನ ಇರುವೆಗಳೆಲ್ಲ ಎಂಜಿನ್ನಿಗೆ ವಲಸೆ ಬಂದವು.

ಇದರಿಂದ ನನಗೇನೂ ಆಗಬೇಕಾಗಿರಲಿಲ್ಲ. ನಾನು ರಾಣೆಬೆನ್ನೂರಿನಲ್ಲಿ ಅಪ್ಪ ಬಿಟ್ಟುಹೋದ ಹೊಲಿಗೆ ಅಂಗಡಿ ನೋಡಿಕೊಂಡು, ಅವ್ವ ಮಾಡಿದ ರೊಟ್ಟಿ ತಿಂದುಕೊಂಡು ಹಾಯಾಗಿದ್ದೆ. ಆದರೆ ಹಾವೇರಿಯಲ್ಲಿ ಹೆಣ್ಣು ನೋಡಲು ಹೋಗುವುದು ನಿಗದಿಯಾಯಿತು. ಅಪ್ಪನಿಲ್ಲದ ಹುಡುಗನಿಗೆ ಸೋದರಮಾವನೇ ಹಿರಿಯ. ಮಾವ ಹೋದಲ್ಲಿ ಅವನ ಕಾರು ಹೋಗಲೇಬೇಕು.

ಹುಡುಗಿ ಬಂದು ಚಾಪೆಯ ಮೇಲೆ ಕುಳಿತಾಗ ನಾನು ತಲೆ ಎತ್ತಿರಲಿಲ್ಲ. ಮಾವ ಗಂಟಲು ಸರಿಪಡಿಸಿಕೊಂಡು ಗಂಭೀರವಾಗಿ ಮನೆತನದ ಮಾತು ತೆಗೆದ, ತೆಗೆದವನೇ ಸೀನಿದ. ಅವನ ಹಿಂದೆ ಅವ್ವ ಸೀನಿದಳು. ಅವ್ವನ ಹಿಂದೆ ನಾನು. ನಮ್ಮ ಬಟ್ಟೆಗೆ ಹತ್ತಿದ್ದ ಮೆಣಸಿನಕಾಯಿ ಘಾಟು ಅವರ ಮನೆಗೂ ಹಬ್ಬಿ ಹುಡುಗಿಯ ಅಪ್ಪನೂ ಸೀನಿದರು. ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ತಡೆಯಲಾರದೆ ಭುಜ ಕುಣಿಯುವಂತೆ ನಕ್ಕಳು. ಆಗ ತಲೆ ಎತ್ತಿದವನು ನಾನು. ಮದುವೆಯಾದರೆ ಇವಳನ್ನೇ ಎಂದು ಅಲ್ಲೇ ನಿಶ್ಚಯಿಸಿಕೊಂಡೆ. ಅಷ್ಟು ಆಸೆ ನಾನು ಅಲ್ಲಿಯವರೆಗೆ ಯಾವುದಕ್ಕೂ ಪಟ್ಟಿರಲಿಲ್ಲ.

ಎಲ್ಲರೂ ಒಪ್ಪಿದರು. ನಾವು ಹೊರಟೆವು. ಕಾರು ಮುಂದೆ ಸರಿದಾಗ, ಸಾರಿಸಿದ ಅಂಗಳದಲ್ಲಿ ರಂಗೋಲಿಯ ನಡುವೆ ಕರಿ ಎಣ್ಣೆಯ ಮಡು ನಿಂತಿತ್ತು. ಹುಡುಗಿಯ ಅಜ್ಜಿ ಕಟ್ಟೆಯ ಮೇಲಿಂದ ಅದನ್ನು ನೋಡಿದಳು.

ಎರಡು ದಿನ ಬಿಟ್ಟು ಹುಡುಗಿಯ ಅಪ್ಪ ನನ್ನ ಅಂಗಡಿಗೆ ಬಂದು ಬೆಂಚಿನ ತುದಿಗೆ ಕುಳಿತರು. ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

“ನಮ್ಮವ್ವ ಹಠ ಹಿಡದಾಳ್ರಿ,” ಎಂದರು. “ಶನಿ ತಾನಾಗಿ ನಡಕೋತ ಬಂದು ಹೊಸ್ತಿಲ ಮುಂದ ಎಣ್ಣಿ ಚೆಲ್ಲಿ ಹೋಗ್ಯಾನ ಅಂತಾಳ. ನಿಶ್ಚಯಕ್ಕ ಬಂಡ್ಯಾಗರೆ ಬರ್ರಿ, ರೈಲಿಗರೆ ಬರ್ರಿ. ಆ ಮೋಟರ್ ಬಂದು ಮತ್ತ ಒಂದ ಹನಿ ಬಿದ್ರೂ ಹುಡುಗಿ ಕೊಡಂಗಿಲ್ಲ ಅಂತ ಕುಂತಾಳ.”

ಇದರಲ್ಲಿ ಕಷ್ಟವೇನಿತ್ತು? ರೈಲಿಗೆ ಹೋದರಾಯಿತು ಎಂದುಕೊಂಡು ಬ್ಯಾಡಗಿಗೆ ಓಡಿದೆ. ಮಾವ ಕೆಂಪು ಮೆಣಸಿನಕಾಯಿ ರಾಶಿಯ ನಡುವೆ ಅದೇ ಬಣ್ಣಕ್ಕೆ ತಿರುಗಿದ.

“ಬ್ಯಾಡಗಿ ಪ್ಯಾಟ್ಯಾಗ ನಾಲ್ಕು ಮಂದಿ ನನ್ನ ನೋಡಿ ನಮಸ್ಕಾರ ಮಾಡ್ತಾರ. ನಾ ಹೋಗಿ ಬಂಡ್ಯಾಗ ಇಳೀಲೇನು? ಹೋದ್ರ ಮೋಟರಾಗ. ಇಲ್ಲಾಂದ್ರ ನೀವ ಹೋಗಿ ಮಾಡ್ಕೋರಿ, ನಾ ಬರಂಗಿಲ್ಲ.”

ಅಣ್ಣನಿಲ್ಲದೆ ವೀಳ್ಯ ಹಿಡಿಯುವುದಿಲ್ಲ ಎಂದು ಅವ್ವ. ಕಾರು ಬಂದು ಹನಿ ಬಿದ್ದರೆ ಹುಡುಗಿ ಇಲ್ಲ ಎಂದು ಅಜ್ಜಿ. ಅತ್ತ ದರಿ, ಇತ್ತ ಹುಲಿ. ನಡುವೆ ನಾನು, ಕೈಯಲ್ಲಿ ಕತ್ತರಿ. ಎಣ್ಣೆ ಸೋರುವುದನ್ನು ನಿಲ್ಲಿಸುವುದೊಂದೇ ದಾರಿ ಉಳಿಯಿತು.

ನಮ್ಮ ಓಣಿಯಲ್ಲಿ ಒಬ್ಬರು ಮುಸಲ್ಮಾನ ಮಿಸ್ತ್ರಿ ಇದ್ದರು. ಗಿರಣಿಯ ಆಯಿಲ್ ಎಂಜಿನ್ ನೋಡಿಕೊಳ್ಳುತ್ತಿದ್ದರು. ಅವರ ಪೈಜಾಮ ಹೊಲಿಯುವವನು ನಾನೇ. ಹಾಗಾಗಿ ಅವರು ನನ್ನನ್ನು ಬೈಯುವ ಹಕ್ಕನ್ನು ಬಹಳ ಹಿಂದೆಯೇ ಸಂಪಾದಿಸಿಕೊಂಡಿದ್ದರು. ಶುಕ್ರವಾರ ನಮಾಜು ಮುಗಿಸಿ ಬಂದು, ಮಾವ ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿದ್ದ ಕಾರಿನ ಮುಂದಿನ ಮುಚ್ಚಳ ಎತ್ತಿದರು; ಬಗ್ಗಿ ಮೂಸಿದರು.

“ಯಾರ್ರೀ ಇದಕ್ಕ ಬೆಲ್ಲಾ ಹಚ್ಚಿದವ್ರು? ಇದು ಎಂಜಿನ್ನೋ, ಹೋಳಿಗಿಯೋ?”

ಮಾವ ಆಕಾಶ ನೋಡಿದ.

ಕೆಲಸ ಶುರುವಾಯಿತು. ಎಂಜಿನ್ನಿನ ನೆತ್ತಿಯ ಮೇಲೊಂದು ತಗಡಿನ ಮುಚ್ಚಳ, ಪಕ್ಕಕ್ಕೊಂದು, ಅಡಿಯಲ್ಲಿ ಎಣ್ಣೆ ತುಂಬಿಕೊಳ್ಳುವ ದೊಡ್ಡ ತಟ್ಟೆ. ಮೂರಕ್ಕೂ ಎಂಜಿನ್ನಿಗೂ ನಡುವೆ ಮೆತ್ತನೆಯ ಪಟ್ಟಿ ಕೂರಿಸಿರುತ್ತಾರೆ. ಅದಕ್ಕೆ ಪ್ಯಾಕಿಂಗ್ ಎನ್ನುತ್ತಾರೆ. ಮಾವನ ಕಾರಿನಲ್ಲಿ ಆ ಪಟ್ಟಿಗಳು ಸುಟ್ಟು, ಒಣಗಿ, ಹಂಚಿಗೆ ಸೀದು ಹತ್ತಿದ ರೊಟ್ಟಿಯಂತೆ ಕಬ್ಬಿಣಕ್ಕೆ ಅಂಟಿದ್ದವು. ಅದನ್ನು ಹೆರೆದು ತೆಗೆಯುವುದರಲ್ಲೇ ಮಧ್ಯಾಹ್ನ ಕಳೆಯಿತು. ಮಿಸ್ತ್ರಿಯವರು ನೆತ್ತಿಯ ಮುಚ್ಚಳವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ಮಾವ ಬಿಗಿದು ಬಿಗಿದು ತಿರುಪಿನ ತೂತುಗಳ ಸುತ್ತ ತಗಡು ಗುಳಿ ಬಿದ್ದಿತ್ತು. ನಡುವೆ ಎದ್ದು ನಿಂತಿತ್ತು. ಎಣ್ಣೆಗೆ ಮಾವ ತಾನೇ ಬಾಗಿಲು ತೆಗೆದುಕೊಟ್ಟಿದ್ದ. ಮಿಸ್ತ್ರಿಯವರು ಅದನ್ನು ಕಟ್ಟಿಗೆಯ ಸುತ್ತಿಗೆಯಿಂದ ಬಡಿದು ಸಪಾಟು ಮಾಡಿದರು. ಒಂದೊಂದು ಪೆಟ್ಟಿಗೂ ಒಮ್ಮೆ ಮಾವನ ಕಡೆ ನೋಡುತ್ತಿದ್ದರು.

ಹೊಸ ಪ್ಯಾಕಿಂಗ್ ಎಲ್ಲಿ ಸಿಗಬೇಕು? ಯುದ್ಧದ ಕಾಲ. ಹುಬ್ಬಳ್ಳಿಯಲ್ಲಿ ಕೇಳಿದರೆ ಮುಂಬಯಿ ಎನ್ನುತ್ತಿದ್ದರು. ಮುಂಬಯಿಯವರು ಹಡಗು ಬರಲಿ ಎನ್ನುತ್ತಿದ್ದರು. ಪಕ್ಕಕ್ಕೆ ಮತ್ತು ತಳಕ್ಕೆ ದಪ್ಪ ರಟ್ಟನ್ನು ಅಗಸೆ ಎಣ್ಣೆಯಲ್ಲಿ ನೆನೆಸಿಟ್ಟರೆ ನಡೆಯುತ್ತದೆ ಎಂದರು ಮಿಸ್ತ್ರಿ. ನೆತ್ತಿಗೆ ಮಾತ್ರ ಬೂಚಿನದೇ ಬೇಕು, ಸೀಸೆಯ ಬಾಯಿಗೆ ಬಿರಡೆ ಮಾಡುತ್ತಾರಲ್ಲ, ಅದು. ಅವರ ಪೆಟ್ಟಿಗೆಯ ತಳದಲ್ಲಿ ಬೂಚಿನ ಹಾಳೆ ಒಂದೇ ಒಂದು ಉಳಿದಿತ್ತು.

“ಕೆಟ್ರ ಮತ್ತೊಂದಿಲ್ಲ,” ಎಂದು ಅದನ್ನು ನನ್ನ ಕೈಗಿಟ್ಟರು. “ನನ್ನ ಕಣ್ಣು ಮೊದಲಿನಂಗ ಇಲ್ಲ. ನೀ ದರ್ಜಿ ಅದೀದಿ, ನೀನ ಕತ್ತರಿಸು. ನಿನ್ನ ಮದುವಿ, ನಿನ್ನ ಕತ್ರಿ.”

ಹಾಳೆಯನ್ನು ಅಂಗಡಿಯ ಮೇಜಿನ ಮೇಲೆ ಹಾಸಿದೆ. ಮುಚ್ಚಳವನ್ನು ಅದರ ಮೇಲಿಟ್ಟು ಸೀಮೆಸುಣ್ಣದಿಂದ ಗುರುತು ಹಾಕಿದೆ. ಕಲೆಕ್ಟರ ಸಾಹೇಬರ ಕೋಟಿಗೂ ನಾನು ಹಾಗೆ ಮೂರು ಮೂರು ಸಲ ಅಳತೆ ನೋಡುತ್ತಿರಲಿಲ್ಲವೇನೋ. ಅವರ ಕೋಟು ನನ್ನ ಪಾಲಿಗೆ ಬಂದಿರಲಿಲ್ಲ, ಅದು ಬೇರೆ ಮಾತು. ಹುಡುಗಿಯ ನಗು ನೆನಪಾಗುತ್ತಿತ್ತು. ಕತ್ತರಿ ತಪ್ಪಿದರೆ ಆ ನಗು ಬೇರೆ ಯಾರದೋ ಮನೆಯಲ್ಲಿ ಕೇಳುತ್ತದೆ ಎಂದುಕೊಂಡೆ. ಉಸಿರು ಬಿಗಿಹಿಡಿದು ಕತ್ತರಿಸಿದೆ. ಚಂದ ಬಂತು. ಮಿಸ್ತ್ರಿಯವರು ಅದನ್ನು ಕೂರಿಸಿ, ತಿರುಪುಗಳನ್ನು ಮೊದಲು ಬೆರಳಿನಿಂದಲೇ ಹಿಡಿಸಿ, ಆಮೇಲೆ ಇಲ್ಲೊಂದು, ಎದುರಿಗೊಂದು ಎಂದು ಸ್ವಲ್ಪ ಸ್ವಲ್ಪವೇ ಬಿಗಿದರು. ನಾವು ಪಕ್ಕಾ ಹೊಲಿಗೆಗೆ ಮುಂಚೆ ಕಚ್ಚಾ ಹೊಲಿಗೆ ಹಾಕುವುದೂ ಹಾಗೆಯೇ.

ಮಾವ ಹ್ಯಾಂಡಲ್ ತಿರುವಿದ. ಕಾರು ಕೆಮ್ಮಿ ಎದ್ದಿತು. ಚಹಾ ಕುಡಿದು ಬರುವಷ್ಟರಲ್ಲಿ ನೆತ್ತಿಯ ಮುಚ್ಚಳದ ಸುತ್ತಲಿಂದ ಎಣ್ಣೆ ಮೊದಲಿಗಿಂತ ಜೋರಾಗಿ ಇಳಿಯುತ್ತಿತ್ತು.

ಇದ್ದ ಒಂದೇ ಹಾಳೆ ಅದು. ಮುಗಿಯಿತು ಎಂದುಕೊಂಡೆ. ಮಿಸ್ತ್ರಿಯವರು ಬೈಯುತ್ತ ಮುಚ್ಚಳ ಬಿಚ್ಚಿದರು. ಒಳಗೆ ನೋಡಿದರು, ನನ್ನನ್ನು ನೋಡಿದರು.

“ಇದ್ಯಾಕೋ ಒಳಗಿನ ಅಂಚಿಗೆ ಬೆರಳಗಲ ಹೆಚ್ಚಿಗಿ ಬಿಟ್ಟೀದಿ?”

“ಬಿಡಬೇಕಲ್ರಿ ಚಾಚಾ,” ಎಂದೆ. “ಒಳಗ ಸ್ವಲ್ಪ ಬಿಟ್ಟಿದ್ರ ಮುಂದ ಬಿಗಿ ಆದಾಗ ಬಿಚ್ಚಿ ಸಡ್ಲ ಮಾಡಾಕ ಬರ್ತೈತಿ.”

ಅಪ್ಪ ಕಲಿಸಿದ ವಿದ್ಯೆ ಅದು. ಅಂಗಿಯೇ ಇರಲಿ, ಕುಪ್ಪಸವೇ ಇರಲಿ, ಹೊಲಿಗೆಯ ಒಳಗೆ ಬಟ್ಟೆ ಬಿಡದೆ ಕತ್ತರಿಸುವವನು ದರ್ಜಿಯೇ ಅಲ್ಲ. ನನ್ನ ಕೈ ತಾನಾಗಿಯೇ ಬಿಟ್ಟಿತ್ತು. ಮಿಸ್ತ್ರಿಯವರು ಪಾನಾ ಕೆಳಗಿಟ್ಟರು.

“ಅರೇ! ಎಂಜಿನ್ ಏನು ದೀಪಾವಳಿ ಉಂಡಿ ತಿಂದು ದಪ್ಪ ಆಗತೈತೇನೋ?”

ಮಾವ ನಕ್ಕು ನಕ್ಕು ಚಕ್ರಕ್ಕೆ ಒರಗಿದ. ಮುಚ್ಚಳದೊಳಗೆ ಚಿಮ್ಮಿದ ಎಣ್ಣೆ ಮತ್ತೆ ಕೆಳಗಿಳಿಯಲು ಅಂಚಿನಲ್ಲಿ ತೂತುಗಳಿದ್ದವು. ನಾನು ಬಿಟ್ಟ ಹೆಚ್ಚಿನ ಅಂಚು ಅವುಗಳ ಮೇಲೆ ಮಲಗಿ ದಾರಿ ಕಟ್ಟಿತ್ತು. ಕೆಳಗೆ ಹೋಗಲಾರದ ಎಣ್ಣೆ ಹೊರಗೆ ನುಗ್ಗಿತ್ತು. ಅಷ್ಟೇ. ಆ ಅಂಚನ್ನು ಕತ್ತರಿಸಿ ತೆಗೆದು ಮತ್ತೆ ಕೂರಿಸಿದೆವು. ಚಿಕ್ಕದಾಗಿ ಕತ್ತರಿಸಿದ್ದರೆ ಹಾಳೆ ಹೋಗಿತ್ತು, ಮದುವೆಯೂ ಹೋಗಿತ್ತು. ಹೆಚ್ಚು ಬಿಟ್ಟದ್ದರಿಂದಲೇ ಉಳಿಯಿತು ಎಂದು ನಾನು ಇಂದಿಗೂ ವಾದಿಸುತ್ತೇನೆ. ಮರುದಿನ ಸಂಜೆಯವರೆಗೆ ಕಾರಿನ ಕೆಳಗೆ ಬಿಳಿ ಬಟ್ಟೆ ಹಾಸಿಟ್ಟೆವು. ಒಂದು ಚುಕ್ಕೆಯೂ ಬೀಳಲಿಲ್ಲ. ಮಿಸ್ತ್ರಿಯವರು ಆ ಬಟ್ಟೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಇದರಲ್ಲಿ ಒಂದು ಪೈಜಾಮ ಆಗುತ್ತದೆ ಎಂದು ಹೊರಟುಹೋದರು.

ನಿಶ್ಚಯದ ದಿನ ಮಾವ ತಲೆಯ ಮೇಲೆ ಹಾಲಿನ ಕೊಡ ಹೊತ್ತವನಂತೆ ಕಾರು ನಡೆಸಿದ. ಮೋಟೆಬೆನ್ನೂರಿನ ಹತ್ತಿರ ನಿಲ್ಲಿಸಿ ಇಬ್ಬರೂ ನೆಲಕ್ಕೆ ಮಲಗಿ ನೋಡಿದೆವು. ದಾರಿಯಲ್ಲಿ ಹೊರಟಿದ್ದ ಬಂಡಿಯವರು, ನಾವು ಏನೋ ಕಳೆದುಕೊಂಡಿದ್ದೇವೆಂದು ತಿಳಿದು, ತಾವೂ ಇಳಿದು ಹುಡುಕಿದರು. ಏನೂ ಇರಲಿಲ್ಲ.

ಹಾವೇರಿಯ ಮನೆಯ ಅಂಗಳದಲ್ಲಿ, ಕಾರು ಸರಿಯಾಗಿ ನಿಲ್ಲಬೇಕಾದ ಜಾಗದಲ್ಲೇ, ಅಜ್ಜಿ ದೊಡ್ಡ ರಂಗೋಲಿ ಹಾಕಿಸಿದ್ದಳು. ಪರೀಕ್ಷೆಗೇ ಹಾಕಿಸಿದ್ದು, ಮುಚ್ಚುಮರೆಯಿರಲಿಲ್ಲ. ಮಾವ ಅದರ ಮೇಲೆ ತಂದು ನಿಲ್ಲಿಸಿದ.

“ಒಂದ ಗಳಿಗಿ ಅಲ್ಲೇ ನಿಲ್ರಿ,” ಎಂದಳು ಅಜ್ಜಿ ಕಟ್ಟೆಯಿಂದ. “ಲಗೂ ಏನೈತಿ?”

ನಿಂತೆವು. ಬಿಸಿಲಿಗೆ ಬೆವರು ಇಳಿಯುತ್ತಿತ್ತು. ಓಣಿಯ ಮಂದಿಯೂ ಬಂದು ಕಾರಿನ ಕೆಳಗೆ ಬಗ್ಗಿ ನೋಡತೊಡಗಿದರು. ಅಜ್ಜಿ ಕೋಲು ಊರಿ ಕಟ್ಟೆ ಇಳಿಯಲು ಶುರುಮಾಡಿದಳು. ಮಂದಿ ಎದ್ದು ಅವಳಿಗೆ ದಾರಿ ಬಿಟ್ಟರು. ಅದೇ ಹೊತ್ತಿಗೆ ಹುಡುಗಿ ನಮ್ಮ ಕಾಲಿಗೆ ನೀರು ಕೊಡಲೆಂದು ಸೊಂಟದ ಮೇಲೆ ತುಂಬಿದ ಕೊಡ, ಕೈಯಲ್ಲಿ ತಂಬಿಗೆ ಹಿಡಿದು ಹೊರಗೆ ಬಂದಳು.

ಆಗ ನಾನು ನೋಡಿದೆ. ಯಾವುದೋ ಸಂದಿಯಲ್ಲಿ ಅಡಗಿ ಕುಳಿತಿದ್ದ ಹಳೆಯ ಎಣ್ಣೆ ಬಿಸಿಲಿಗೆ ಕರಗಿ, ತಟ್ಟೆಯ ತುದಿಯಲ್ಲಿ ತೂಗಾಡಿ, ರಂಗೋಲಿಯ ಬಿಳಿಯ ಮೇಲೆ ಬಿತ್ತು. ಒಂದೇ ಹನಿ. ತಲೆ ಎತ್ತಿದರೆ ಹುಡುಗಿಯ ಕಣ್ಣು ಆ ಹನಿಯ ಮೇಲಿತ್ತು. ಆಮೇಲೆ ನನ್ನ ಮೇಲೆ ಬಂತು.

ಕೊಡ ಅವಳ ಸೊಂಟದಿಂದ ಜಾರಿತು. ನೀರೆಲ್ಲ ಕಾರಿನ ಕೆಳಗೆ ನುಗ್ಗಿ ರಂಗೋಲಿ ಕೊಚ್ಚಿಹೋಯಿತು. ಅಯ್ಯೋ ಎನ್ನುತ್ತ ಅವಳು ಕೊಡ ಹಿಡಿಯಲು ಬಗ್ಗಿದಳು. ಬಗ್ಗಿದವಳ ಕಾಲು ಕಾರಿನ ಕೆಳಗೆ ಒದ್ದೆ ನೆಲದ ಮೇಲೆ ಅತ್ತಿತ್ತ ಆಡಿತು.

“ಏ ಹುಡುಗಿ, ಕಣ್ಣು ಎಲ್ಲಿಟ್ಟೀದಿ?” ಅಜ್ಜಿ ರೇಗಿದಳು.

“ಕೈ ಜಾರ್ತು, ಅಜ್ಜಿ.”

ಅಜ್ಜಿ ಬಂದು ಕೋಲಿನ ಮೇಲೆ ಭಾರ ಹಾಕಿ ಬಗ್ಗಿದಳು. ನೀರು ಕುಡಿದ ಸಗಣಿ ನೆಲ ಎಲ್ಲ ಒಂದೇ ಬಣ್ಣವಾಗಿತ್ತು. ಬಹಳ ಹೊತ್ತು ನೋಡಿ, “ಎಣ್ಣಿ ಇಲ್ಲ. ಒಳಗ ಬರ್ರಿ,” ಎಂದಳು. ಮಾವ ಮೀಸೆ ತಿರುವಿ ಎಲ್ಲರಿಗಿಂತ ಮೊದಲು ಹೊರಟ.

ನಾನು ಕಾಲಿಟ್ಟಲ್ಲೇ ನಿಂತಿದ್ದೆ. ಹುಡುಗಿ ಮತ್ತೆ ನೀರು ತಂದು ತಂಬಿಗೆ ತುಂಬಿ ನನ್ನ ಕೈಗೆ ಕೊಟ್ಟಳು. ಕಾಲಿಗೆ ಹಾಕಿಕೊಳ್ಳಲು ತಲೆ ಬಗ್ಗಿಸಿದಾಗ ಅವಳ ಹೆಬ್ಬೆರಳು ಕಂಡಿತು. ಕರಿ ಎಣ್ಣೆ ಮೆತ್ತಿತ್ತು. ಅವಳನ್ನು ಪಡೆಯಬೇಕೆಂದು ನಾನು ಒದ್ದಾಡಿದ್ದೆ. ಅವಳೂ ಹಾಗೇ ಬಯಸಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಕಣ್ಣು ತುಂಬಿ ಬಂತು. ಸುತ್ತ ಮಂದಿ ಇದ್ದಾರೆಂಬುದನ್ನೂ ಮರೆತು, ತಂಬಿಗೆಯ ನೀರನ್ನು ನನ್ನ ಕಾಲಿಗೆ ಹಾಕಿಕೊಳ್ಳದೆ ಅವಳ ಕಾಲಿನ ಮೇಲೆ ಸುರಿದೆ.

“ಅದು ನೀರಿಗೆ ಹೋಗಂಗಿಲ್ರಿ,” ಎಂದಳು ಅವಳು ನನಗಷ್ಟೇ ಕೇಳುವಂತೆ. “ಆಮ್ಯಾಲೆ ಸೀಗೀಕಾಯಿ ಹಚ್ಕೋತೀನಿ. ನೀವು ಒಳಗ ನಡೀರಿ.”