ಬೆಂಚು ಬಿಟ್ಟೆದ್ದ ಗಿರಿಜಾದೇವಿ

ಮರ್ಯಾದೆ ಕೊಡುತ್ತಲೇ ಒಬ್ಬರನ್ನು ಮೂಲೆಗೆ ಕೂರಿಸುವುದು ಹೇಗೆಂದು ತಿಳಿಯಬೇಕಿದ್ದರೆ ವೆಂಕಟಗಿರಿಯವರ ಶಿಬಿರ ನೋಡಬೇಕಿತ್ತು. 1974ರ ಬೇಸಿಗೆ ರಜೆಯಲ್ಲಿ, ವಿಜಯನಗರದ ಒಂದು ಹೈಸ್ಕೂಲಿನ ಮೈದಾನದಲ್ಲಿ, ಡ್ರಿಲ್ ಮೇಷ್ಟ್ರುಗಳಿಗೆಂದು ರಿಫ್ರೆಷರ್ ಕೋರ್ಸು ನಡೆಯುತ್ತಿತ್ತು. ವರ್ಷಗಟ್ಟಲೆ ಎಡ-ಬಲ ಕೂಗಿ ತುಕ್ಕು ಹಿಡಿದವರಿಗೆ ನಿಲ್ಲುವ ಭಂಗಿ, ಆಸನ, ಜಿಗಿತ, ಲಾಗಗಳನ್ನು ಹೊಸದಾಗಿ ಕಲಿಸಿ ಕಳಿಸುವ ಏರ್ಪಾಡು. ಗಂಡಸರೆಲ್ಲ ಬನಿಯನ್ನು ಚಡ್ಡಿ ತೊಟ್ಟು, ಓಡಿ ಬಂದು, ನಾಲ್ಕು ಕಾಲಿನ ಮೇಲೆ ದಿಂಬಿನಂತೆ ನಿಲ್ಲಿಸಿದ್ದ ಕಸರತ್ತಿನ ಮರದ ಕುದುರೆಯನ್ನು ಹಾರುತ್ತಿದ್ದರು. ಹೆಂಗಸರಿಗೆ ಹೊಂಗೆ ಮರದ ನೆರಳಲ್ಲಿ ಬೆಂಚು ಹಾಕಿಸಿದ್ದರು. ಪಾನಕ ಮೊದಲು ಬರುತ್ತಿದ್ದುದೂ ಅವರಿಗೇ.

"ಲೇಡೀಸ್ ನೋಡ್ತಾ ಇರಿ, ಬರ್ಕೊಂಡ್ರೆ ಸಾಕು. ನಿಮಗೆ ಪ್ರಾಕ್ಟಿಕಲ್‌ನಿಂದ ವಿನಾಯಿತಿ ಇದೆ," ಎಂದು ಶಿಬಿರದ ಮುಖ್ಯಸ್ಥರಾದ ವೆಂಕಟಗಿರಿ ಮೊದಲ ದಿನವೇ ನಗುನಗುತ್ತಾ ಹೇಳಿದ್ದರು. ಬೆಂಚಿನ ಮೇಲಿದ್ದವರು ಸದ್ಯ ಬದುಕಿದೆವು ಎಂದು ಸೆರಗಿನಿಂದ ಗಾಳಿ ಹಾಕಿಕೊಂಡರು. ಅವರನ್ನು ದೂರುವಂತಿಲ್ಲ. ನಸುಕಿನಲ್ಲೇ ಎದ್ದು ಮನೆಯವರಿಗೆಲ್ಲ ಅಡುಗೆ ಮಾಡಿಟ್ಟು ಬಂದವರಿಗೆ ಕೂರಲು ಬೆಂಚು ಸಿಕ್ಕರೆ ಯಾರು ಬೇಡವೆನ್ನುತ್ತಾರೆ? ರಾಜಾಜಿನಗರದ ಹುಡುಗಿಯರ ಹೈಸ್ಕೂಲಿನ ಡ್ರಿಲ್ ಮಿಸ್ ಗಿರಿಜಾದೇವಿಗೆ ಮಾತ್ರ ಮೈಯೆಲ್ಲ ಉರಿಯಿತು.

ಉರಿಗೆ ಕಾರಣವಿತ್ತು. ಹಿಂದಿನ ಡಿಸೆಂಬರಿನಲ್ಲಿ ಶಾಲೆಯಲ್ಲಿ ಅವಳ ಕಣ್ಣೆದುರೇ ಸತ್ಯವತಿ ಎಂಬ ಹುಡುಗಿ ಇಂಥದೇ ಕುದುರೆಯ ಮೇಲಿಂದ ಬಿದ್ದು ಕೈ ಮುರಿದುಕೊಂಡಿದ್ದಳು. ಗಿರಿಜಾದೇವಿ ಪಕ್ಕದಲ್ಲೇ ನಿಂತಿದ್ದಳು, ಎರಡೂ ಕೈ ಚಾಚಿಯೂ ಇದ್ದಳು. ಆದರೆ ಹಾರಿ ಬರುವ ಮೈಯನ್ನು ಎಲ್ಲಿ ಹಿಡಿಯಬೇಕು, ತೋಳನ್ನೋ ಸೊಂಟವನ್ನೋ, ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವಳು ಟ್ರೈನಿಂಗ್ ಮಾಡುವಾಗಲೂ ಹೆಂಗಸರಿಗೆ ಇದೇ ವಿನಾಯಿತಿ, ಇದೇ ಬೆಂಚು. ಹೆಡ್‌ಮಿಸ್ ಅನಂತಲಕ್ಷ್ಮಿ ಮಾರನೆಯ ದಿನವೇ ಕುದುರೆಯನ್ನು ಸ್ಟೋರ್ ರೂಮಿಗೆ ತಳ್ಳಿಸಿ ಬೀಗ ಹಾಕಿಸಿದರು. ಅಂದಿನಿಂದ ಹುಡುಗಿಯರಿಗೆ ಡ್ರಿಲ್ ಪೀರಿಯಡ್ ಎಂದರೆ ರಿಂಗ್ ಎಸೆಯುವುದು, ಇಲ್ಲವೇ ಗೋಡೆಗೆ ಒರಗಿ ಹರಟುವುದು. "ಬೀಳೋರನ್ನ ಹಿಡಿಯೋದು ಕಲಿತು ಸರ್ಟಿಫಿಕೇಟ್ ತನ್ನಿ, ಆಮೇಲೆ ಬೀಗ ತೆಗೀತೀನಿ," ಎಂದಿದ್ದರು ಹೆಡ್‌ಮಿಸ್. ಗಿರಿಜಾದೇವಿ ರಜೆ ಹಾಳುಮಾಡಿಕೊಂಡು ಬಂದದ್ದು ಅದೊಂದಕ್ಕೇ.

ಅವಳು ಬೆಂಚಿನಿಂದ ಎದ್ದಳು. "ಸಾರ್, ನನಗೆ ವಿನಾಯಿತಿ ಬೇಡ. ಹಿಡಿಯೋದು ಹೇಳಿಕೊಡಿ."

"ಸೀರೆ ಉಟ್ಕೊಂಡು ಹೇಗಮ್ಮಾ ಆಗುತ್ತೆ?" ಎಂದರು ವೆಂಕಟಗಿರಿ. "ಕಾಲಿಗೆ ತೊಡರಿ ನೀವೇ ಬಿದ್ರೆ, ನಿಮ್ಮ ಮನೆಯವರಿಗೆ ನಾನೇನು ಉತ್ತರ ಹೇಳ್ಲಿ?" ಮೈದಾನದ ತುಂಬ ನಗು ಎದ್ದಿತು.

ಸಂಜೆ ಮನೆಯಲ್ಲಿ ಅವಳು ಪಾತ್ರೆಗಳನ್ನು ಕುಕ್ಕುತ್ತಿದ್ದ ಸದ್ದು ಕೇಳಿ ಅತ್ತೆ ಬಸವ್ವ ಏನಾಯಿತೆಂದು ವಿಚಾರಿಸಿದಳು. ಗದಗಿನ ಕಡೆಯ ಹೆಂಗಸು, ರಾಜಾಜಿನಗರಕ್ಕೆ ಬಂದ ಮೇಲೂ ಕಚ್ಚೆ ಸೀರೆ ಬಿಟ್ಟವಳಲ್ಲ. ಅಕ್ಕಪಕ್ಕದವರು ನಗುತ್ತಾರೆ, ಎಲ್ಲರ ಹಾಗೆ ಉಡಿ ಎಂದು ಹಿಂದೊಮ್ಮೆ ಗಿರಿಜಾದೇವಿಯೇ ಹೇಳಿ ನೋಡಿದ್ದಳು. ಬಸವ್ವ ಕಿವಿಗೇ ಹಾಕಿಕೊಂಡಿರಲಿಲ್ಲ.

"ಸೀರಿ ಅಡ್ಡ ಬರತೈತಂತ?" ಎಂದಳು ಬಸವ್ವ, ವಿಷಯ ತಿಳಿದು. "ಆತಗ ಸೀರಿ ಬಗ್ಗೆ ಏನ್ ಗೊತ್ತೈತಿ. ನಾ ಕಚ್ಚಿ ಹಾಕ್ಕೊಂಡು ಬಾವಿ ಇಳದೀನಿ, ಬಣವಿ ಹತ್ತೀನಿ. ಒಂದಿನಾನೂ ಕಾಲಿಗೆ ತೊಡರಿಲ್ಲ. ಬಾ ಇಲ್ಲೆ, ಉಡಸ್ತೀನಿ."

ಮಾರನೆಯ ದಿನ ಗಿರಿಜಾದೇವಿ ಅತ್ತೆಯ ಇಳಕಲ್ ಸೀರೆಯನ್ನು ಬಿಗಿಯಾಗಿ ಕಚ್ಚೆ ಹಾಕಿ ಉಟ್ಟು ಮೈದಾನಕ್ಕೆ ಬಂದಳು. ಬಸ್ಸಿನಲ್ಲಿ ಜನ ತಿರುಗಿ ತಿರುಗಿ ನೋಡಿದ್ದರು. ನೋಡಿದರೆ ನೋಡಿಕೊಳ್ಳಲಿ ಎಂದುಕೊಂಡಿದ್ದಳು.

"ಇದೇನಮ್ಮಾ ವೇಷ?" ಎಂದರು ವೆಂಕಟಗಿರಿ.

"ವೇಷ ಅಲ್ಲ ಸಾರ್, ಸೀರೆ. ಇದು ಕಾಲಿಗೆ ತೊಡರಲ್ಲ."

ವೆಂಕಟಗಿರಿಯವರ ಬಳಿ ಇನ್ನೊಂದು ಆಕ್ಷೇಪಣೆ ಸಿದ್ಧವಿತ್ತು. "ಹೆಂಗಸರು ಯಾರೂ ಹಾರಲ್ಲ. ನೀವು ಗಂಡಸರನ್ನ ಹಿಡೀಬೇಕಾಗುತ್ತೆ. ನೋಡೋರಿಗೆ ಚೆನ್ನಾಗಿರುತ್ತಾ?"

"ಬಿದ್ದು ಕೈ ಮುರ್ಕೊಂಡ್ರೆ ಅದು ನೋಡೋಕೆ ಚೆನ್ನಾಗಿರಲ್ಲ ಸಾರ್. ನಾನು ಕಣ್ಣಾರೆ ನೋಡಿದೀನಿ."

ಈ ಸಲ ಯಾರೂ ನಗಲಿಲ್ಲ. ಸಾಲಿನ ಹಿಂದಿನಿಂದ ಬ್ಯಾಡರಹಳ್ಳಿಯ ಮೇಷ್ಟ್ರು ಹನುಮಂತಯ್ಯ ಮುಂದೆ ಬಂದರು. ಗರಡಿಯಲ್ಲಿ ಪಳಗಿದ ಭಾರೀ ಆಳು. "ನಾನು ಹಾರ್ತೀನಿ ಬಿಡಿ ಸಾರ್," ಎಂದು ಗಿರಿಜಾದೇವಿಯ ಕಡೆ ತಿರುಗಿ, "ಒಂದು ಕೈ ತೋಳಿಗೆ, ಒಂದು ಕೈ ಸೊಂಟಕ್ಕೆ ಕಣಮ್ಮ. ಅಲ್ಲೇ ನಿಂತು ತಡೀಬೇಡಿ, ಬರೋ ಮೈ ಜೊತೆ ನೀವೂ ಹೆಜ್ಜೆ ಹಾಕಿ," ಎಂದರು.

ಮೊದಲ ಜಿಗಿತಕ್ಕೆ ಇಬ್ಬರೂ ದೊಪ್ಪನೆ ಹಾಸಿನ ಮೇಲೆ ಬಿದ್ದರು. ಬಳೆಗಳು ಚೂರಾದವು. ಬೆಂಚಿನ ಮೇಲೆ ಯಾರೋ ಅಯ್ಯೋ ಅಂದರು. ಗಿರಿಜಾದೇವಿ ಎದ್ದು, ಉಳಿದ ಬಳೆಗಳನ್ನೂ ಕಳಚಿ ಬೆಂಚಿನವರ ಕೈಗೆ ಕೊಟ್ಟು, ಮತ್ತೆ ಬಂದು ನಿಂತಳು. ಊಟದ ಹೊತ್ತಿಗೆ ಹನುಮಂತಯ್ಯನವರ ಅಷ್ಟು ಭಾರ ಅವಳ ಕೈಗೆ ಒಗ್ಗಿತ್ತು. ಶಿಬಿರ ಮುಗಿಯುವಷ್ಟರಲ್ಲಿ ಮೇಷ್ಟ್ರುಗಳು ತಾವಾಗಿಯೇ ಅವಳಿರುವ ಕಡೆಗೆ ಹಾರುತ್ತಿದ್ದರು. ಬೆಂಚಿನಿಂದ ಇಬ್ಬರು ಎದ್ದು ಬಂದರು. ಉಳಿದವರು ಪಾನಕ ಕುಡಿದರು.

ಕೊನೆಯ ದಿನ ವೇದಿಕೆಯ ಮೇಲೆ ಕೊಟ್ಟ ಸರ್ಟಿಫಿಕೇಟಿನಲ್ಲಿ ಪ್ರಾಕ್ಟಿಕಲ್ ಎಂಬುದರ ಮುಂದೆ ವಿನಾಯಿತಿ ಎಂದೇ ಬರೆದಿತ್ತು.

"ರೂಲ್ಸ್ ಇರೋದೇ ಹಾಗಮ್ಮಾ," ಎಂದರು ವೆಂಕಟಗಿರಿ, ಮೆಲ್ಲಗೆ.

"ಹಾಗಾದ್ರೆ ಇದನ್ನ ನೀವೇ ಇಟ್ಕೊಳ್ಳಿ ಸಾರ್," ಎಂದು ಗಿರಿಜಾದೇವಿ ಅದನ್ನು ಅವರ ಕೈಗೇ ಕೊಟ್ಟು ಇಳಿದಳು. ಮಾಗಡಿ ರಸ್ತೆಯ ಬಸ್ಸು ಹತ್ತಿ ಕೂತಾಗ ಮಾತ್ರ ಅವಳಿಗೆ ಹೊಳೆಯಿತು. ಕೊಟ್ಟು ಬಂದದ್ದು ಬರೀ ಕಾಗದವಲ್ಲ, ಸ್ಟೋರ್ ರೂಮಿನ ಬೀಗ ತೆಗೆಸುವ ಕಾಗದ.

ಜೂನಿನಲ್ಲಿ ಶಾಲೆ ತೆರೆದಾಗ ಅನಂತಲಕ್ಷ್ಮಿ ಮೊದಲು ಕೇಳಿದ್ದೇ ಅದನ್ನು.

"ತಗೊಂಡಿಲ್ಲ ಮೇಡಂ. ನಾನು ಕಲಿತದ್ದು ಅದರಲ್ಲಿ ಬರೆದಿರಲಿಲ್ಲ. ಹಿಡಿಯೋದು ನನಗೆ ಬರುತ್ತೆ."

"ಬಾಯಿಮಾತು ನಂಬಿ ಹೇಗೆ ಬೀಗ ತೆಗೀಲಿ? ಆ ಹುಡುಗಿ ತಂದೆ ಇಲ್ಲೇ ನಿಂತು ನನ್ನ ಮಗಳನ್ನ ಇದಕ್ಕಾ ಕಳಿಸಿದ್ದು ಅಂತ ಕೇಳಿದ್ರು."

"ಹಾಗಾದ್ರೆ ಯಾರ ಮಗಳೂ ಬೇಡ. ನನ್ನ ಮಗಳು ಜಗದಾಂಬಾ ಇಲ್ಲೇ ಎಂಟನೇ ಕ್ಲಾಸಲ್ಲಿದಾಳೆ. ಮೊದಲು ಅವಳು ಹಾರ್ಲಿ."

ಅನಂತಲಕ್ಷ್ಮಿ ಅವಳ ಮುಖವನ್ನೇ ನೋಡಿದರು. ಆಮೇಲೆ ಡ್ರಾಯರಿನಿಂದ ಬೀಗದ ಕೈ ತೆಗೆದುಕೊಂಡು ತಾವೇ ಎದ್ದರು.

ಧೂಳು ಒರೆಸಿದ ಕುದುರೆಯ ಸುತ್ತ ಹುಡುಗಿಯರು ನೆರೆದರು. ಮಗಳು ಓಟದ ಗೆರೆಯಲ್ಲಿ ನಿಂತದ್ದನ್ನು ಕಂಡಾಗ ಗಿರಿಜಾದೇವಿಗೆ ಭಯವಾಯಿತು. ಜಗದಾಂಬಾ ಓಡಿ ಬಂದಳು, ಚಿಮ್ಮಿದಳು. ಕಾಲು ಕುದುರೆಗೆ ತಗುಲಿ ತಲೆ ಕೆಳಗಾಗಿ ಬಂದಳು. ತಾಯಿಯ ಒಂದು ಕೈ ತೋಳಿಗೆ ಹೋಯಿತು, ಇನ್ನೊಂದು ಸೊಂಟಕ್ಕೆ. ಮೈಯ ಜೊತೆಗೇ ಹೆಜ್ಜೆ ಹಾಕಿ ಮಗಳನ್ನು ನೆಟ್ಟಗೆ ನಿಲ್ಲಿಸಿದಳು.

"ಮುಂದಿನವಳು ಯಾರು? ಬನ್ರೇ ಬೇಗ," ಎಂದರು ಅನಂತಲಕ್ಷ್ಮಿ.

ಗಿರಿಜಾದೇವಿಯ ಕೈ ಇನ್ನೂ ಸಡಿಲವಾಗಿರಲಿಲ್ಲ. ಮಗಳು ನಾಚಿಕೆಯಿಂದ ಪಿಸುಗುಟ್ಟಿದಳು. "ಅಮ್ಮಾ, ಬಿಡಮ್ಮ. ಎಲ್ರೂ ನೋಡ್ತಾ ಇದಾರೆ."

"ನೋಡ್ಲಿ," ಎಂದಳು ಗಿರಿಜಾದೇವಿ.