ಮಾತು ಚೆನ್ನಾಗಿದೆ

ಕೊಲ್ಲಿ ನಾಡಿನ ಗುದೈಬಿಯಾದಲ್ಲಿದ್ದ ನಝೀಲಾ ಹನ್ನೊಂದು ತಿಂಗಳು ಅಲೆದು ಅಲೆದು ಚಪ್ಪಲಿ ಸವೆಸಿದ್ದಳು. ಆರು ವರ್ಷದ ಮಗಳು ಝುಲ್ಫಾಳಿಗೆ ಆಟಿಸಂ. ಥೆರಪಿಯ ಖರ್ಚನ್ನು ಗಂಡನ ಕಂಪನಿಯ ನೆರವು ನಿಧಿ ಕೊಡಬೇಕಿತ್ತು. ಒಮ್ಮೆ ಡಾಕ್ಟರ ವರದಿಗೆ ಅರಬಿ ಅನುವಾದ ಇಲ್ಲ ಎಂದರು. ಅದನ್ನು ಮಾಡಿಸುವಷ್ಟರಲ್ಲಿ ಮಗುವಿನ ಸಿಪಿಆರ್ ಎಂಬ ಗುರುತಿನ ಕಾರ್ಡಿನ ಅವಧಿ ಮುಗಿದಿದೆ ಎಂದರು. ಕೊನೆಗೂ 2013ರ ಒಂದು ಬೆಳಿಗ್ಗೆ ಮಗುವನ್ನು ನೋಡಲು ನಿಧಿಯ ಅಧಿಕಾರಿಣಿ ಮನೆಗೇ ಬಂದಳು.

ನಝೀಲಾ ಚಹಾ ಮಾಡಲು ಒಳಗೆ ಹೋದದ್ದೇ ತಪ್ಪಾಯಿತು. ಮನೆಗೆ ಬಂದವರ ಮುಂದೆ ಮೊಮ್ಮಕ್ಕಳಿಂದ ಓದಿಸುವುದು ಅತ್ತೆ ಜಮೀಲಮ್ಮನ ಹಳೇ ಚಾಳಿ. "ಫಾತಿಹಾ ಓದು ಮಗಾ," ಎಂದರು. ಟಿವಿಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಕುರಾನಿನ ಆ ಸೂರಾವನ್ನು ಝುಲ್ಫಾ ಎಲ್ಲೂ ತಡವರಿಸದೆ ಒಪ್ಪಿಸಿದಳು. ಅಧಿಕಾರಿಣಿ ತಲೆದೂಗಿ, "ಮಾತು ಚೆನ್ನಾಗಿದೆ, ಥೆರಪಿ ಬೇಡ" ಎಂದು ಬರೆದು ಸಹಿ ಹಾಕಿಯೇಬಿಟ್ಟಳು.

ಕೇಳಿದ್ದನ್ನು ಒಪ್ಪಿಸುತ್ತಾಳೆ ಅಷ್ಟೆ, ನೀರು ಬೇಕೆಂದು ಕೇಳಲೂ ಬರುವುದಿಲ್ಲ ಎಂದು ನಝೀಲಾ ಅಂಗಲಾಚಿದಳು. "ಫಿರ್ ಸೇ ಅಪ್ಲೈ ಕೀಜಿಯೇ, ಸಿಸ್ಟರ್," ಎಂದು ಆಕೆ ಹೊರಟುಹೋದಳು.

"ಪುನಃ ಸುರುವಿಂದ ಅರ್ಜಿ! ಎಂತ ಮಾಡಿದ್ರಿ ಉಮ್ಮಾ?"

"ನನ್ನ ಪುಳ್ಳಿಗೆ ಮಾತು ಬರುದಿಲ್ಲಾಂತ ಬರೆಸ್ಲಿಕ್ಕೆ ನಾನು ಬಿಡ್ತೇನಾ?" ಎಂದರು ಜಮೀಲಮ್ಮ.

ಅಷ್ಟರಲ್ಲಿ ಝುಲ್ಫಾ ಬಂದು ಅಮ್ಮನ ಕೈ ಎಳೆದು ನೀರಿನ ಬಾಟಲಿಯ ಮೇಲಿಟ್ಟಳು.

"ಎಂತ ಬೇಕು? ಬಾಯಿಬಿಟ್ಟು ಹೇಳು ಮಗಾ."

ಮಗು ಬಾಯಿ ತೆರೆಯಿತು. ಆ ಹೆಂಗಸಿನದೇ ರಾಗದಲ್ಲಿ ಸ್ಪಷ್ಟವಾಗಿ ಹೇಳಿತು: "ಫಿರ್ ಸೇ ಅಪ್ಲೈ ಕೀಜಿಯೇ, ಸಿಸ್ಟರ್."