ಸೀಸೆಯೊಳಗಿನ ನೆಂಟರು

ಸೀಸೆಯೊಳಗೆ ಏನಿದೆಯೆಂದು ಬಣ್ಣ ನೋಡಿಯೇ ತೀರ್ಮಾನಿಸುವುದು ನನ್ನ ಹಳೆಯ ಚಾಳಿ. ಎರಡಕ್ಷರ ಮಾತ್ರ ಬಲ್ಲವಳಿಗೆ ಚೀಟಿಯ ಬರಹಕ್ಕಿಂತ ಬಣ್ಣವೇ ಹೆಚ್ಚು ನಂಬಿಗಸ್ತ. ಹಾಗಾಗಿ ಯಾದಗಿರಿಯ ದವಾಖಾನೆಯಲ್ಲಿ ಮೊಮ್ಮಗಳು ನಿಂಗಿಯ ಮಂಚದ ಬಳಿ ತಿಳಿಹಳದಿ ಸೀಸೆಯೊಂದನ್ನು ತಲೆಕೆಳಗಾಗಿ ತೂಗುಹಾಕಿದಾಗ ಅದು ಕುಸುಬಿ ಎಣ್ಣೆಯೆಂದೇ ತಿಳಿದೆ. ಸುಟ್ಟ ಗಾಯಕ್ಕೆ ಎಣ್ಣೆ ಹಚ್ಚುವುದನ್ನು ಕಂಡಿದ್ದೆ, ನರದೊಳಗೆ ಬಿಡುವುದನ್ನು ಕಂಡಿರಲಿಲ್ಲ.

ನಾಲ್ಕು ವರ್ಷದ ನಿಂಗಿ ಅಂದು ಬೆಳಿಗ್ಗೆ ಸ್ನಾನದ ಕುದಿನೀರನ್ನು ಮೈಮೇಲೆ ಕೆಡವಿಕೊಂಡಿದ್ದಳು. ಒಂದು ಹನಿ ರಕ್ತವೂ ಬಾರದ್ದರಿಂದ ಜೀವಕ್ಕೆ ಭಯವಿಲ್ಲವೆಂದು ನಾನೇ ಪಂಡಿತಳಂತೆ ಎಲ್ಲರಿಗೂ ಧೈರ್ಯ ಹೇಳಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವಳ ಕೈಕಾಲು ತಣ್ಣಗಾಗಿ, ಕರೆದರೆ ಓಗೊಡದಾದಳು.

“ರಕ್ತ ಹೊರಗ ಬಂದಿಲ್ಲ ಖರೆ, ಅಮ್ಮಾ. ಅದರಾಗಿನ ನೀರು ಸುಟ್ಟ ಜಾಗದಾಗ ಸೋರಿ ಹೋಗಾಕತ್ತದ,” ಎಂದರು ಡಾಕ್ಟರಮ್ಮ. “ಅದಕ್ಕ ಬ್ಯಾರೆ ಮಂದಿ ರಕ್ತದಾಗಿನ ತಿಳಿ ಕೊಡಾಕತ್ತೇವಿ. ಪ್ಲಾಸ್ಮಾ ಅಂತಾರ. ಮೊನ್ನಿನ ದೊಡ್ಡ ಲಡಾಯಿ ಕಾಲದಾಗ ಪುಡಿ ಮಾಡಿ ಇಟ್ಟಿದ್ದು, ನೀರಾಗ ಕಲಸೇವಿ.”

ಬೇರೆ ಮಂದಿ ಎಂದೊಡನೆ ನನಗೆ ನೆನಪಾದದ್ದು ನಿಂಗಿಯ ಮದುವೆ. ಸಂಬಂಧ ಬೆಳೆಸುವಾಗ ನಮ್ಮವರು ಮೊದಲು ಕೇಳುವುದು ಬೆಡಗು, ಅಂದರೆ ಗೋತ್ರ. ಎರಡೂ ಮನೆಯದು ಒಂದೇ ಬೆಡಗಾದರೆ ಹುಡುಗ ಹುಡುಗಿ ಅಣ್ಣತಂಗಿಯರಾಗುತ್ತಾರೆ.

“ರಕ್ತ ಕೊಟ್ಟವರ ಬೆಡಗು ಯಾವುದ್ರಿ?” ಎಂದೆ.

“ಬೆಡಗು ತಗೊಂಡು ಏನ್ ಮಾಡ್ತೀರಿ?”

“ನಾಳಿ ಅದೇ ಬೆಡಗಿನ ಮನಿಗೆ ಹುಡುಗಿ ಕೊಟ್ರ ಹ್ಯಾಂಗ್ರಿ?”

“ಒಬ್ಬರದಲ್ಲಮ್ಮಾ. ಸಮುದ್ರದಾಚಿ ಎಷ್ಟೋ ಮಂದೀದು ಕೂಡಿಸ್ಯಾರ.”

ಲೋಕದ ಬೆಡಗೆಲ್ಲ ಒಂದೇ ಸೀಸೆಗೆ ಬಂದರೆ ನಿಂಗಿಗೆ ಗಂಡೆಲ್ಲಿ ಹುಡುಕುವುದೆಂದು ನಾನು ಗೊಣಗುತ್ತಿದ್ದೆ. ಅಷ್ಟು ಹೊತ್ತು ಮೊಮ್ಮಗಳ ಅಂಗಾಲನ್ನು ಅಂಗೈಯಲ್ಲಿ ಹಿಡಿದು ಕೂತಿದ್ದ ನನ್ನ ಯಜಮಾನರು ತಲೆ ಎತ್ತಿದರು.

“ಸುಮ್ನ ಕೂಡು. ಮೊದಲ ಹುಡುಗಿ ಉಳೀಲಿ. ಗಂಡು ಸಿಗದಿದ್ರ ನಮ್ಮ ಮನ್ಯಾಗ ಇರ್ತಾಳ.”

ಆಮೇಲೆ ನಾನು ಬೆಡಗು ಮರೆತು ಹನಿ ಎಣಿಸತೊಡಗಿದೆ. ಎರಡನೆಯ ಸೀಸೆ ಅರ್ಧವಾದಾಗ ಅವರು ನನ್ನ ಕೈಯನ್ನು ಎಳೆದು ಆ ಅಂಗಾಲಿನ ಮೇಲಿಟ್ಟರು. ಬೆಚ್ಚಗಿತ್ತು. ಸ್ವಲ್ಪ ಹೊತ್ತಿಗೆ ನಿಂಗಿ ಕಣ್ಣು ಬಿಟ್ಟು ಅಜ್ಜನತ್ತ ನೋಡಿ, “ಆಯಿ, ಮುತ್ಯಾ ಯಾಕ ಅಳಾಕತ್ಯಾನ?” ಎಂದಳು.

ಈಗ ಗಾಯ ಒಣಗಿ, ಮನೆಯ ಬೆಕ್ಕಿಗೂ ನೆಮ್ಮದಿ ಇಲ್ಲದಂತೆ ಓಡಾಡುತ್ತಿದ್ದಾಳೆ. ದಾರಿಯಲ್ಲಿ ಹೋಗುವವರನ್ನೂ ನಿಲ್ಲಿಸಿ ಇದನ್ನೆಲ್ಲ ಹೇಳುತ್ತೇನೆ. ರಕ್ತದ ತಿಳಿ ಕೊಟ್ಟವರು ಯಾರು ಎಂದು ನಿನ್ನೆ ನೆರೆಮನೆಯಾಕೆ ಕೇಳಿದಳು.

“ನಮ್ಮ ನೆಂಟರು,” ಎಂದೆ. “ಊರು ಗೊತ್ತಿಲ್ಲವ್ವ. ಬಳಗ ಭಾಳ ದೊಡ್ಡದು.”